ಸೋದರತ್ತೆಯ ಬಿಲ್ಲೂ ನನ್ನ ಸಾವುಗಳೂ

ನಮ್ಮ ಸೋದರತ್ತೆಯ ದೆಸೆಯಿಂದ ನಾನು ಸತ್ತಷ್ಟು ಸಲ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬ ಸತ್ತಿರಲಾರ! ಗುಹೆಯಲ್ಲಿ ಸತ್ತಿದ್ದೇನೆ, ಸೇತುವೆ ಮೇಲೆ ಸತ್ತಿದ್ದೇನೆ, ಕಪ್ಪೆಯಂಥ ಪ್ರಾಣಿಯೊಂದು ನುಂಗಿ ಸತ್ತಿದ್ದೇನೆ. ಪ್ರತಿ ಸಲವೂ, ನನ್ನನ್ನು ಎಬ್ಬಿಸಬಹುದಾಗಿದ್ದ ಒಬ್ಬರೇ ಒಬ್ಬರು ನನ್ನ ಹೆಣ ದಾಟಿಕೊಂಡು ಮುಂದೆ ಹೋಗಿದ್ದಾರೆ. ಗಾಬರಿ ಬೇಡ, ಇವೆಲ್ಲ ಮೊಬೈಲ್ ಗೇಮಿನೊಳಗಿನ ಸಾವುಗಳು. ದಾಟಿಕೊಂಡು ಹೋದವರು ನನ್ನಪ್ಪನ ಅಕ್ಕ. ಜಾವಗಲ್ಲಿನಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದ ಪಿ.ಟಿ. ಮೇಡಂ, ಈಗ ನಿವೃತ್ತರು. ಹಳೇಬೀಡಿನಲ್ಲಿ ಸ್ವಂತ ಮನೆ, ಸ್ವಂತ ಅಭಿಪ್ರಾಯ. ಎರಡರೊಳಗೂ ಬಾಡಿಗೆಗೆ ಯಾರನ್ನೂ ಬಿಟ್ಟಿಲ್ಲ.

ಹೋದ ವರ್ಷ ಅತ್ತೆಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಮಾತು ಬಂತು (ಎಲ್ಲಕ್ಕಿಂತ ಮೊದಲು ಅದೇ ಬಂತು), ಕಾಲು ಬಂತು. ಬಲಗೈ ಹೆಬ್ಬೆರಳು ಮಾತ್ರ ಬರಲಿಲ್ಲ. ಏನನ್ನು ಒತ್ತಿದರೂ ಹಿಡಿತ ನಿಲ್ಲದೆ ಜಾರಿಹೋಗುತ್ತಿತ್ತು. ಸಹಿ ಹೋಯಿತು, ಗುಂಡಿ ಹಾಕುವುದು ಹೋಯಿತು, ಅದನ್ನೆಲ್ಲ ಅವರು ತಡೆದುಕೊಂಡರು. ತಡೆಯಲಾಗದೆ ಹೋದದ್ದು ಮುದ್ದೆಯ ವಿಷಯ. ಹೆಬ್ಬೆರಳಿಲ್ಲದೆ ಮುದ್ದೆ ಮುರಿಯುವುದು ಹೇಗೆ? ನಾನು ಒಂದು ಚಮಚ ತಂದುಕೊಟ್ಟೆ.

"ಮುದ್ದೆಗೆ ಚಮಚ ಹಾಕೋದೂ ಒಂದೇ, ನನ್ನ ತಿಥಿ ಮಾಡೋದೂ ಒಂದೇ ಕಣೋ!"

ಅವತ್ತಿನಿಂದ ಮುದ್ದೆ ಬಂದ್. ರಾಗಿ ಬೆಳೆಯುವ ಮನೆಯ ಹೆಂಗಸು ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುವಾಗ ಆ ಮುಖ ನೋಡಲಾಗುತ್ತಿರಲಿಲ್ಲ.

ಬೇಲೂರಿನ ಫಿಸಿಯೊಥೆರಪಿಯವರು ಹಿಸುಕುವುದಕ್ಕೆ ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಎಡಗೈಯಲ್ಲಿ ಬೆಕ್ಕಿಗೆ ಎಸೆದರು. ಅಥವಾ ನನಗೆ ಎಸೆದರೋ? ಹೇಳುವಾಗಲೆಲ್ಲ ಬೆಕ್ಕು ಬಂದರೆ ಜನ ಹೆಚ್ಚು ನಗುತ್ತಾರೆ, ಹಾಗಾಗಿ ಈಗ ನನಗೂ ಬೆಕ್ಕೇ ನೆನಪಿಗೆ ಬರುತ್ತದೆ. ಅಂಥ ನೆನಪನ್ನು ನೀವು ಪೂರ್ತಿ ನಂಬಬೇಡಿ. ಚೆಂಡು ಹೋದದ್ದಂತೂ ನಿಜ. "ಹಾಗಾದ್ರೆ ಮೊಬೈಲ್ ಗೇಮ್ ಆಡಿಸಿ. ಹೆಬ್ಬೆರಳು ಒತ್ತಿ ಹಿಡ್ಕೋಬೇಕು, ಅಷ್ಟೇ" ಅಂದರು ಫಿಸಿಯೊಥೆರಪಿಯವರು.

ಅಷ್ಟೇ! ಅವರಿಗೇನು, ಅಂದುಬಿಟ್ಟರು.

ನಾನಿರುವುದು ಅರಸೀಕೆರೆಯಲ್ಲಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹಳೇಬೀಡಿಗೆ. ಇಬ್ಬರು ಜೊತೆಯಾಗಿ ಆಡುವ ಗೇಮೊಂದನ್ನು ಇಬ್ಬರ ಮೊಬೈಲಿಗೂ ಹಾಕಿದೆ. ಕೋಟೆ, ಮಂತ್ರ, ರಾಕ್ಷಸರು ಎಲ್ಲ ಇದ್ದಾರೆ. ಆಟಕ್ಕೆ ಮೊದಲು ನಾವು ಯಾರಾಗಬೇಕು ಅಂತ ಆರಿಸಿಕೊಳ್ಳಬೇಕು. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ನಾನು ಕತ್ತಿ ಹಿಡಿದ ಯೋಧನಾದೆ. ಅತ್ತೆ ಅದನ್ನು ತಾಲ್ಲೂಕು ತಂಡದ ಸೆಲೆಕ್ಷನ್ ಮಾಡಿಬಿಟ್ಟರು!

"ಇವನ್ಯಾರೋ ಮೈತುಂಬ ಕಬ್ಬಿಣ?"

"ಯೋಧ ಅತ್ತೆ. ಎಷ್ಟು ಏಟು ಬಿದ್ರೂ ತಡ್ಕೋತಾನೆ."

"ಏಟು ಬೀಳೋಗಂಟ ಯಾಕ್ ನಿಂತಿರ್ತಾನೆ? ಓಡಕ್ಕೆ ಬರಲ್ವಾ? ಮುಂದಿನೋನು?"

"ಮಾಂತ್ರಿಕ. ಬೆಂಕಿ ಉಗುಳ್ತಾನೆ."

"ಗಡ್ಡ ಮಂಡಿಗಂಟ ಐತೆ. ಹಿಡಿದು ಎಳೆದ್ರೆ ಮುಗೀತು ಕತೆ. ಮುಂದಿನೋನು?"

"ಕಳ್ಳ. ಬೆನ್ನ ಹಿಂದಿಂದ ಬಂದು ಚುಚ್ತಾನೆ."

"ಫೌಲ್."

ಆ ಭಾನುವಾರ ಮುಗಿಯಿತು. ಮುಂದಿನ ಭಾನುವಾರ ನಾನು ಉಪಾಯವಾಗಿ ವೈದ್ಯೆಯನ್ನು ಮುಂದೆ ತಂದೆ. ಯೋಧನ ಜೊತೆ ಒಬ್ಬಳು ವೈದ್ಯೆ ಇದ್ದರೆ ಅದಕ್ಕಿಂತ ಗಟ್ಟಿ ಜೋಡಿ ಇಲ್ಲ, ಆಡಿದವರೆಲ್ಲ ಹೇಳುವುದು ಅದನ್ನೇ. ಮೇಲಾಗಿ ಬೆರಳಿಗೆ ಸುಲಭ. ಸುಮ್ಮನೆ ಮುಟ್ಟಿದರೆ ಗಾಯ ಮಾಯ, ಒತ್ತಿ ಹಿಡಿಯುವ ಕಷ್ಟವೇ ಇಲ್ಲ.

ಅತ್ತೆ ಕನ್ನಡಕ ಮೇಲೇರಿಸಿದರು. "ಹಿಂದೆ ನಿಂತ್ಕೊಂಡು ನಿನಗೆ ಪಟ್ಟಿ ಕಟ್ಟೋದಾ? ನಿಮ್ಮಜ್ಜಿಗೆ ಕಟ್ಟಾಯ್ತು, ನಿಮ್ಮಪ್ಪನಿಗೆ ಕಟ್ಟಾಯ್ತು, ಸ್ಕೂಲ್ ಹುಡುಗೀರ ಮಂಡಿಗೆಲ್ಲ ಕಟ್ಟಾಯ್ತು. ಲೋ, ದೇವಸ್ಥಾನದ ಗೋಡೆ ನೋಡಿದೀಯಲ್ಲ? ಎಷ್ಟು ಜನ ಬಿಲ್ಲು ಹಿಡಿದು ನಿಂತವ್ರೆ! ಪಟ್ಟಿ ಕಟ್ಟೋಳ್ನ ಒಬ್ಬಳ್ನ ತೋರ್ಸು, ಆಗ್ತೀನಿ."

ಎಲ್ಲಿಂದ ತೋರಿಸಲಿ? ಬಿಲ್ಲುಗಾರ್ತಿಯಾದರು!

ಬಿಲ್ಲಿನ ವರಸೆ ಹೀಗೆ: ಬಲಗೈ ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಹೆದೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಿಟ್ಟರೆ ಬಾಣ ಹಾರುತ್ತದೆ. ಅತ್ತೆಯ ಬೆರಳು ಒತ್ತಿದ ಕೂಡಲೇ ಜಾರುತ್ತಿತ್ತು, ಬಾಣ ಅವರ ಕಾಲ ಬುಡದಲ್ಲೇ ಬೀಳುತ್ತಿತ್ತು. ಸುತ್ತಲೂ ಬಾಣ ನೆಟ್ಟು ಅಲ್ಲೊಂದು ಕಾಯಿಪಲ್ಯದ ಮಡಿಯೇ ಎದ್ದಿತು. ರಾಕ್ಷಸ ನಿಧಾನವಾಗಿ, ಸಂತೆಗೆ ಬಂದವನ ಹಾಗೆ ಬಂದ. ನಾನು ಅಡ್ಡ ಹೋದೆ. ಸತ್ತೆ.

ಬಿದ್ದ ಜೊತೆಗಾರನನ್ನು ಎಬ್ಬಿಸಲು ಆಟದಲ್ಲಿ ದಾರಿಯಿದೆ. ಪಕ್ಕ ನಿಂತು ಅದೇ ಹೆಬ್ಬೆರಳು ಒತ್ತಿ ಹಿಡಿದರೆ ಅವನ ಸುತ್ತ ಬೆಳಕಿನ ಬಳೆಯೊಂದು ಮೆಲ್ಲಗೆ ತುಂಬುತ್ತದೆ. ಪೂರ್ತಿ ತುಂಬಿದರೆ ಎದ್ದ.

"ಅತ್ತೆ, ನನ್ನ ಎಬ್ಬಿಸಿ!"

"ಔಟಾದೋನು ಗೆರೆ ಆಚೆ ಕೂತಿರು. ನಾನು ಪಾಯಿಂಟ್ ತಂದ್ರೆ ತಾನಾಗೇ ಒಳಗೆ ಬತ್ತೀಯ."

"ಇದು ಕಬಡ್ಡಿ ಅಲ್ಲ ಅತ್ತೆ!"

"ಎರಡು ಕಡೆ ಜನ ಅವ್ರೆ, ಮುಟ್ಟಿದ್ರೆ ಔಟು. ಇನ್ನೇನು, ಕೇರಂ ಬೋರ್ಡಾ?"

ಅಂದವರೇ ನನ್ನ ಹೆಣ ದಾಟಿ ಓಡಿದರು. ರಾಕ್ಷಸನನ್ನು ಮುಟ್ಟಿದರು, ವಾಪಸು ಓಡಿ ಬಂದರು, ನಾನು ಏಳಲಿ ಅಂತ ಕಾದು ನಿಂತರು! ರಾಕ್ಷಸನಿಗೆ ಈ ನಿಯಮ ಯಾರೂ ಹೇಳಿರಲಿಲ್ಲ. ಹಿಂದೆಯೇ ಬಂದು ಗದೆ ಬೀಸಿದ. "ಅಂಪೈರ್ ಸರಿ ಇಲ್ಲ" ಅಂದರು ಅತ್ತೆ.

ಇದು ಒಂದು ವಾರದ ಕತೆಯಲ್ಲ. ಒಂದು ಭಾನುವಾರ ಬಸ್ಸಿನಲ್ಲಿ ಕಂಡಕ್ಟರಮ್ಮನ ಹತ್ತಿರ ನನ್ನ ಗೋಳು ತೋಡಿಕೊಂಡೆ. ಆಕೆ ಒಂದು ಕಾಲಕ್ಕೆ ಅತ್ತೆಯ ತಂಡದ ರೈಡರ್.

"ಮೇಡಂ ಹಂಗೇ ಅವ್ರೆ ಅನ್ನಿ!" ಆಕೆಗೆ ಭಾರಿ ಖುಷಿ. "ಎಲ್ಲಾರೂ ಔಟಾಗಿ ನಾನೊಬ್ಬಳೇ ಉಳ್ಕೊಂಡ್ರೆ ಆಚೆಯಿಂದ ಕೂಗೋರು ಸಾರ್: ಗೆಲ್ಲಕ್ಕೆ ಹೋಗ್ಬೇಡ ಕಣೇ, ಒಬ್ಬಳ್ನ ಒಳಗೆ ಕರ್ಕೊಂಡು ಬಾ, ಸಾಕು!"

"ಮತ್ತೆ ನನ್ನನ್ನ ಯಾಕೆ ಕರ್ಕೊಳ್ಳಲ್ಲ?"

"ನಿಮ್ಮ ಆಟ ಹೆಂಗೈತೋ ಏನೋ" ಅಂದು ಸೀಟಿ ಊದಿ ಮುಂದೆ ಹೋದರು. ಬಸ್ಸಿನಲ್ಲೂ ಮರ್ಯಾದೆ ಹೋಯಿತು.

ಅವತ್ತು ರೋಸಿಹೋಗಿ ಹೇಳಿಬಿಟ್ಟೆ. "ಅತ್ತೆ, ಇದೇ ಕೊನೆ. ಇವತ್ತೂ ನನ್ನ ಬಿಟ್ಟು ಓಡಿದ್ರೆ ಬಿಲ್ಲುಗಾರ್ತಿನ ಅಳಿಸಿಹಾಕ್ತೀನಿ. ಮುಂದಿನ ವಾರದಿಂದ ನೀವು ವೈದ್ಯೆ."

ಅತ್ತೆ ಎಡಗೈಯಿಂದ ಬಲಗೈ ಹೆಬ್ಬೆರಳನ್ನು ಒಂದಿಷ್ಟು ನೀವಿಕೊಂಡು ಮೊಬೈಲ್ ಎತ್ತಿಕೊಂಡರು.

ಆಮೇಲಿನದನ್ನು ಬರೆಯುವಾಗ, ಹೊರಗೆ ಮಳೆ ಶುರುವಾಗಿತ್ತು ಅಂತ ಸೇರಿಸಲು ಕೈ ತುರಿಸುತ್ತಿದೆ. ಮಳೆ ಬರಲಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

ಸೇತುವೆಯ ರಾಕ್ಷಸ ಬಂದ. ನಾನು ವಾಡಿಕೆಯಂತೆ ಸತ್ತೆ. ಈಗ ದಾಟಿಕೊಂಡು ಹೋಗುತ್ತಾರೆ ಅಂತ ನನ್ನ ಮೊಬೈಲ್ ನೋಡುತ್ತಾ ಕೂತೆ. ಬಿಲ್ಲುಗಾರ್ತಿ ಬಂದಳು. ನಿಂತಳು. ನನ್ನ ಸುತ್ತ ಬೆಳಕಿನ ಬಳೆ ಕಾಲುಭಾಗ ತುಂಬಿ, ಒಡೆದುಹೋಯಿತು. ಮತ್ತೆ ಶುರುವಾಯಿತು, ಮತ್ತೆ ಒಡೆಯಿತು. ಮತ್ತೆ. ಇಷ್ಟು ದಿನ ಅತ್ತೆಗೆ ನನ್ನನ್ನು ಎಬ್ಬಿಸುವ ಮನಸ್ಸಿಲ್ಲ ಅಂದುಕೊಂಡಿದ್ದೆನಲ್ಲ, ಇಲ್ಲದಿದ್ದದ್ದು ಬೆರಳು.

"ಬಿಡಿ ಅತ್ತೆ, ಅವನು ಹತ್ರ ಬಂದ..." ಅಂತ ತಲೆ ಎತ್ತಿದೆ.

ಅತ್ತೆಗೆ ನಾನು ಕೇಳಿಸುತ್ತಿರಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು, ಹೆಬ್ಬೆರಳನ್ನು ಗಾಜಿನ ಮೇಲೆ ಊರಿ, ತುಟಿಯಲ್ಲೇ ಶುರುಮಾಡಿದ್ದರು. "ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ..." ಮೊಣಕೈವರೆಗೆ ನಡುಗುತ್ತಿತ್ತು, ಉಗುರು ಬೆಳ್ಳಗಾಗಿತ್ತು. ಉಸಿರು ಮುಗಿಯುತ್ತಾ ಬಂತು, ದನಿ ಸಣ್ಣದಾಯಿತು. ಬೆರಳು ಜಾರಲಿಲ್ಲ. ಬಳೆ ಪೂರ್ತಿ ತುಂಬಿತು.

ನಾನು ಎದ್ದೆ.

ಎದ್ದ ಕ್ಷಣವೇ ರಾಕ್ಷಸ ಗದೆ ಬೀಸಿ ಇಬ್ಬರನ್ನೂ ಹೊಳೆಗೆ ಹಾಕಿದ.

"ಸೋತ್ವಿ ಅತ್ತೆ" ಅಂದೆ.

"ಸೋತ್ರೆ ಸೋತ್ವಿ ಬಿಡೋ, ಒಳಗೆ ಬಂದ್ಯಲ್ಲ." ಅತ್ತೆ ಏದುಸಿರು ಬಿಡುತ್ತಾ ಹೆಬ್ಬೆರಳನ್ನು ಬೆಳಕಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಏನ್ ಬಾಯಿ ಬಿಟ್ಕೊಂಡು ಕೂತಿದೀಯ? ಹೋಗಿ ಮುದ್ದೆಗೆ ಎಸರಿಡು. ಚಮಚ ಗಿಮಚ ತಂದೀಯ, ಹುಷಾರ್."