ಮಾಮಾ ಗಾಡಿಯ ಗಾಜು ಬದಲಿಸಿದ್ದು

ನಮ್ಮ ಮಾಮಾನಿಗೆ ಬಿಪಿ ಬರುವುದು ಸಾಧ್ಯವೇ ಇಲ್ಲ ಅಂತ ಹೇಳಿದವರು ಯಾರು ಗೊತ್ತೇನು? ಡಾಕ್ಟರಲ್ಲ, ಜ್ಯೋತಿಷಿಯೂ ಅಲ್ಲ. ಸ್ವತಃ ನಮ್ಮ ಮಾಮಾ! ಅವ್ವನ ಬೆನ್ನಿಗೆ ಬಿದ್ದ ಈ ತಮ್ಮ ಯಾವ ಮಾತನ್ನೂ ಅನುಮಾನ ಇಟ್ಟುಕೊಂಡು ಆಡಿದವರಲ್ಲ. ನಾನು ಡಿಗ್ರಿ ಮುಗಿಸುವುದು ಸಾಧ್ಯವಿಲ್ಲ ಅಂತಲೂ ಇಷ್ಟೇ ಗಟ್ಟಿಯಾಗಿ ಹೇಳಿದ್ದರು. "ನಮ್ಮ ಮನಿತನದಾಗ ಸಾಲಿ ಕಟ್ಟಿದಾವ್ರು ಅದಾರ, ಸಾಲಿ ಮುಗಿಸಿದಾವ್ರು ಇಲ್ಲ." ಅಜ್ಜ ಗೋಡೆ ಕಟ್ಟುವ ಗೌಂಡಿ ಕೆಲಸದವನಾಗಿದ್ದರಿಂದ ಮಾತು ನಿಜವೂ ಆಗಿತ್ತು.

ನಾನು ಮುಗಿಸಿದೆ. ಕಣ್ಣು ಪರೀಕ್ಷೆ ಮಾಡುವ ಡಿಗ್ರಿ. ನಮ್ಮ ವಂಶದಲ್ಲಿ ಮೊದಲನೆಯದು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ಬಿಟ್ಟಿ ಬಂದದ್ದೇನಲ್ಲ. ಈಗ ಬೈಲಹೊಂಗಲದ ಒಂದು ಕಣ್ಣಿನ ದವಾಖಾನೆಯಲ್ಲಿ ನನಗೆ ಕೆಲಸ. ಹೀಗೆ ಮಾಮಾನ ಒಂದು ಮಾತು ಸುಳ್ಳಾಯಿತು. ಇನ್ನೊಂದು ಹೇಗೆ ಸುಳ್ಳಾಯಿತು ಅನ್ನುವುದೇ ಈ ಕಥೆ.

ಮಾಮಾ ಮುನವಳ್ಳಿ–ಸವದತ್ತಿ ನಡುವೆ ಟೆಂಪೋ ಓಡಿಸುತ್ತಾರೆ. ಒಮ್ಮೆ ಸಂತೆಯ ದಿನ ಬಸ್‌ ಸ್ಟ್ಯಾಂಡಿನ ಹತ್ತಿರ ಪುಕ್ಕಟೆ ಆರೋಗ್ಯ ತಪಾಸಣೆ ಇಟ್ಟಿದ್ದರು. ಪುಕ್ಕಟೆ ಅಂದ ಮೇಲೆ ಮಾಮಾ ಬಿಟ್ಟಾರೆಯೇ? ಹೋಗಿ ಕೈ ಚಾಚಿದರು.

"ಕಾಕಾ, ನಿಮಗ ಬಿಪಿ ಭಾಳ ಐತ್ರಿ" ಅಂದಳು ನರ್ಸಮ್ಮ.

"ನೀ ಪಟ್ಟಿ ಹಂಗ ಬಿಗದಿ ಯವ್ವಾ. ಎತ್ತಿಗೆ ಹಿಂಗ ಬಿಗದ್ರೂ ಬಿಪಿ ಬರತೈತಿ."

ಅವಳು ಸಡಿಲು ಮಾಡಿ ಮತ್ತೆ ನೋಡಿದಳು. ಅಷ್ಟೇ ಬಂತು.

"ಅದು ಹಾರ್ನ್ ಒತ್ತೋ ಕೈ. ಅದರಾಗ ಒತ್ತಡ ಇದ್ದೇ ಇರತೈತಿ. ಗೇರ್ ಹಾಕೋ ಕೈ ನೋಡು."

ಗೇರಿನ ಕೈಯೂ ಅದನ್ನೇ ಹೇಳಿತು. ಮಾಮಾ ಎದ್ದು ಅಂಗಿಯ ತೋಳು ಇಳಿಸಿಕೊಂಡು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು: "ಬಿಪಿ ನನಗಲ್ಲ, ಈ ಮಶೀನಿಗೆ ಐತಿ!"

ಅವರ ವಾದ ಸರಳ. "ತಲಿ ನೋಯಂಗಿಲ್ಲ, ಎದಿ ಹೊಡಕೊಳ್ಳಂಗಿಲ್ಲ. ರೋಗ ಅಂದ ಮ್ಯಾಲ ಬಂದೇನಿ ಅಂತ ಒಂದು ಮಾತು ಹೇಳಬೇಕಿಲ್ಲೇನು?" ಅಯ್ಯೋ, ಬಿಪಿಯ ಕಿತಾಪತಿಯೇ ಅದಲ್ಲವೇ! ಅದು ಬಾಗಿಲು ಬಡಿಯುವ ನೆಂಟನಲ್ಲ. ಸುಮ್ಮನೆ ಒಳಗೆ ಬಂದು ಕೂತು, ಹೃದಯ, ಮೆದುಳು, ಮೂತ್ರಪಿಂಡ, ಕಣ್ಣು ಅಂತ ಒಂದೊಂದೇ ಕೋಣೆ ಹಾಳು ಮಾಡುತ್ತ ಹೋಗುತ್ತದೆ.

ಕೊನೆಗೆ ಮಾಮಾನ ಹೆಂಡತಿ, ನಮ್ಮ ಅತ್ತಿ, ಅವರನ್ನು ಸವದತ್ತಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಿರಿ ಅಂದರು, ಹೊರಡುವಾಗ "ಸಿಟ್ಟು ಮಾಡಿಕೋಬ್ಯಾಡ್ರಿ" ಅಂತ ಒಂದು ಮಾತು ಸೇರಿಸಿದರು. ಮಾಮಾ ಹಿಡಿದುಕೊಂಡದ್ದು ಆ ಕೊನೆಯ ಮಾತೊಂದನ್ನೇ. ಆದರೆ ಸಿಟ್ಟಿಲ್ಲದೆ ನಮ್ಮ ರಸ್ತೆಯಲ್ಲಿ ಟೆಂಪೋ ಓಡಿಸುವುದು ಹೇಗೆ? ಅದಕ್ಕೂ ದಾರಿ ಕಂಡುಹಿಡಿದರು. ಟೆಂಪೋದಲ್ಲಿ ಹೊಸ ಕಾನೂನು ಬಂತು: ಮುಂದಿನ ಸೀಟಿನಲ್ಲಿ ಕೂತವರು ಮಾಮಾನ ಪರವಾಗಿ ಬೈಯಬೇಕು!

ಒಂದು ದಿನ ಆ ಸೀಟು ಕನ್ನಡ ಸಾಲಿ ಮಾಸ್ತರರೊಬ್ಬರ ಪಾಲಿಗೆ ಬಂತು. ಸಾಧು ಮನುಷ್ಯ. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ನಡುರಸ್ತೆಯಲ್ಲಿ ಹೊರಟಿತ್ತು. ಮಾಮಾ ಕಣ್ಸನ್ನೆ ಮಾಡಿದರು. ಮಾಸ್ತರರು ಕಿಡಕಿಯಿಂದ ತಲೆ ಹೊರಹಾಕಿ, "ಅಣ್ಣಾರ, ಒಂಚೂರು ಬಾಜು ಸರೀತೀರೇನ್ರಿ?" ಅಂದರು.

"ಏನ್ ಮಾಸ್ತರ!" ಮಾಮಾ ಹಣೆ ಬಡಿದುಕೊಂಡರು. "ಹಿಂಗ ಬೈದ್ರ ನನ್ನ ಬಿಪಿ ಏರತೈತ್ರಿ!"

ಮಾಸ್ತರರು ದಿನಾ ಅದೇ ಸೀಟಿನಲ್ಲಿ ಬರುತ್ತ ಬೈಯುವುದರಲ್ಲಿ ಎಷ್ಟು ತಯಾರಾದರೆಂದರೆ, ಸ್ವಲ್ಪ ದಿನಕ್ಕೆ ಅವರ ಹೆಂಡತಿಯೇ ಟೆಂಪೋ ತಡೆದು ಕೇಳಿದರಂತೆ: "ಡ್ರೈವರ್ ಅಣ್ಣಾ, ನಮ್ಮವರಿಗೆ ಹಿಂದಿನ ಸೀಟು ಕೊಡ್ರಿ. ಮನ್ಯಾಗ ಬಾಳೇ ಮಾಡೂದು ಕಷ್ಟ ಆಗೇತಿ."

ಇನ್ನು ಉಪ್ಪು. ಊಟಕ್ಕೆ ಕೂತ ಕೂಡಲೇ ಮಾಮಾ ಉಪ್ಪಿನ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ದೂರ ಸರಿಸುವುದು. ಆಮೇಲೆ ರೊಟ್ಟಿಗೆ ಉಪ್ಪಿನಕಾಯಿ, ಬಾಜೂಕ್ಕೆ ಹಪ್ಪಳ, ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ. ಕೇಳಿದರೆ, "ಮ್ಯಾಲ ಉಪ್ಪು ಹಾಕ್ಕೊಂಡಿದ್ದು ನೋಡೀಯೇನು?" ಇಲ್ಲಪ್ಪ, ನೋಡಿಲ್ಲ!

ಗುಳಿಗೆಯದು ಇನ್ನೂ ದೊಡ್ಡ ಕಥೆ. ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಅದನ್ನು ನುಂಗುತ್ತಿದ್ದರು. ನನಗೆ ಗೊತ್ತಾಗಿ ಜಗಳ ತೆಗೆದೆ. "ದಿನಾ ತಗೋಬೇಕ್ರಿ ಮಾಮಾ!"

"ನೀ ಗಾಡಿ ಹೊಡದಾಕಿ ಅಲ್ಲ, ನಿನಗ ತಿಳಿಯಂಗಿಲ್ಲ. ಗುಳಿಗಿ ಅಂದ್ರ ಬ್ರೇಕ್ ಇದ್ದಂಗ. ಬೇಕಾದಾಗ ಒತ್ತಬೇಕು. ಕಾಲು ಅದರ ಮ್ಯಾಲ ಇಟ್ಟುಕೊಂಡ ಕುಂತ್ರ ಗಾಡಿ ಹೆಂಗ ಮುಂದ ಹೋಗತೈತಿ?"

ಕೇಳುವವರು ಹೌದೌದು ಅನ್ನಬೇಕು, ಹಾಗೆ ಹೇಳುತ್ತಾರೆ ಈ ಮನುಷ್ಯ!

ಅಷ್ಟರಲ್ಲಿ ಟೆಂಪೋದ ಮುಂದಿನ ಗಾಜಿಗೆ ಕಲೆ ಬಿತ್ತು. ಎಡಗಡೆ, ಕೆಳಗೆ, ಹೊಗೆ ಹಿಡಿದಂಥ ಕಲೆ. ಮಾಮಾ ಸೋಪು ಹಾಕಿ ತೊಳೆದರು, ಪೇಪರಿನಿಂದ ತಿಕ್ಕಿದರು, ಹೋಗಲಿಲ್ಲ. ಗಾಡಿ ತೊಳೆಯುವವನನ್ನು ಬೈಯುವುದಕ್ಕೆ ಮಾಸ್ತರರನ್ನೇ ಕರೆದುಕೊಂಡು ಹೋದರು. ಕೊನೆಗೆ ಗಾಜನ್ನೇ ಕಿತ್ತು ಹೊಸದು ಕೂಡ್ರಿಸಿದರು. ಪೂಜೆ ಮಾಡಿ, ಲಿಂಬೆಹಣ್ಣು ಕಟ್ಟಿ, ಸೀಟಿನಲ್ಲಿ ಕೂತು ನೋಡುತ್ತಾರೆ, ಹೊಸ ಗಾಜಿನ ಮೇಲೂ ಅದೇ ಜಾಗದಲ್ಲಿ ಅದೇ ಕಲೆ!

"ಈಗಿನ ಮಾಲೆಲ್ಲಾ ಡುಪ್ಲಿಕೇಟ್" ಅಂದರು.

ಲೈಸೆನ್ಸ್ ನವೀಕರಣದ ಸಮಯ ಬಂದಿತ್ತು. ಅದಕ್ಕೆ ಕಣ್ಣಿನ ಸರ್ಟಿಫಿಕೇಟ್ ಬೇಕು. ಮನೆಯ ಹುಡುಗಿಯೇ ದವಾಖಾನೆಯಲ್ಲಿದ್ದಾಳೆ ಅಂತ ಮಾಮಾ ಇಸ್ತ್ರಿ ಅಂಗಿ ಹಾಕಿಕೊಂಡು ಬೈಲಹೊಂಗಲಕ್ಕೆ ಬಂದರು. ಬಲಗಣ್ಣು ಸರಿಯಿತ್ತು. ಅದನ್ನು ಮುಚ್ಚಿ, "ಈಗ ಎಡಗಣ್ಣಿಲೆ ಓದ್ರಿ" ಅಂದೆ. ಮಾಮಾ ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಸಾಲಿನವರೆಗೆ ಗಡಗಡ ಓದಿಬಿಟ್ಟರು. ಒಂದೂ ತಪ್ಪಿಲ್ಲ. ಆದರೆ ಏನು ಮಾಡುವುದು, ನಾನು ಈ ಕಣ್ಣಿಗಾಗಿ ಬೇರೆ ಅಕ್ಷರದ ಹಲಗೆ ಇಡಬೇಕೆಂದು ಹಲಗೆಯ ದೀಪ ಆರಿಸಿದ್ದೆ, ಇನ್ನೂ ಹಚ್ಚಿರಲಿಲ್ಲ! ಹೊರಗೆ ಬಾಕಿನ ಮೇಲೆ ಕೂತು, ಬೇರೆಯವರು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು.

ನನಗೆ ನಗು ಬಂತು. ದೀಪ ಹಚ್ಚಿ ಹೊಸ ಹಲಗೆ ತೋರಿಸಿದೆ. ಮಾಮಾ ಎರಡನೆಯ ಸಾಲಿಗೇ ತಡವರಿಸಿದರು. ನನ್ನ ನಗು ನಿಂತಿತು.

ಬಿಪಿ ನೋಡಿದರೆ ಹೆದರಿಕೆಯಾಗುವಷ್ಟು. "ಗುಳಿಗಿ?" ಅಂದರೆ, "ಇದು ಕಣ್ಣಿನ ದವಾಖಾನಿ ಅಲ್ಲಾ? ಇಲ್ಲಿಗ್ಯಾಕ ಬಿಪಿ ಗುಳಿಗಿ?" ಕಣ್ಣಿಗೆ ಹನಿ ಹಾಕಿ, ಪಾಪೆ ದೊಡ್ಡದಾದ ಮೇಲೆ ಒಳಗೆ ನೋಡಿದೆ. ಮೈಯನ್ನು ಕೊಯ್ಯದೆ ಒಳಗಿನ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಜಾಗ ಅಂದರೆ ಕಣ್ಣಿನ ಹಿಂದಿನ ಪರದೆಯೊಂದೇ. ಮಾಮಾನ ಎಡಗಣ್ಣಿನ ಪರದೆಯಲ್ಲಿ ಒಂದು ನಾಳ ಕಟ್ಟಿಕೊಂಡಿತ್ತು. ಅದರ ಸುತ್ತ ರಕ್ತ ಬೆಂಕಿಯ ನಾಲಿಗೆಗಳ ಹಾಗೆ ಚೆಲ್ಲಿತ್ತು. ಪರದೆಯ ನಡುಭಾಗ ಊದಿತ್ತು. ನಮ್ಮ ಡಾಕ್ಟರೂ ನೋಡಿ ಅದನ್ನೇ ಹೇಳಿದರು.

"ಮಾಮಾ, ಕಲೆ ಗಾಜಿನ ಮ್ಯಾಲ ಇಲ್ರಿ. ನಿಮ್ಮ ಕಣ್ಣಾಗ ಐತಿ. ರೇಡಿಯೇಟರ್ ಪೈಪಿಗೆ ತಡೀಲಾರದಷ್ಟು ಪ್ರೆಶರ್ ಬಂದ್ರ ಏನಾಕ್ಕೈತಿ?"

"ಪೈಪ್ ಹಾಳಾಕ್ಕೈತಿ. ಸೋರತೈತಿ."

"ಇಲ್ಲೂ ಅದ ಆಗೇತ್ರಿ. ಇವತ್ತು ಕಣ್ಣಾಗ. ನಾಳೆ ತಲ್ಯಾಗ ಆದ್ರ?"

ಮಾಮಾ ಅಂದರು: "ಒಂದು ಕಣ್ಣು ಚಲೋ ಐತಲ್ಲ. ಎರಡೂ ಚಲೋ ಅಂತ ಬರದು ಕೊಡು."

"ಆಗಂಗಿಲ್ರಿ."

"ಮನಿ ಮಗಳಾಗಿ ಇಷ್ಟೂ ಮಾಡಂಗಿಲ್ಲೇನು? ಗಾಡಿ ನಿಂತ್ರ ನಾ ಏನ್ ಮಾಡ್ಲಿ?"

ಆ ದಿನ ಅವರಿಗೆ ಸಿಟ್ಟು ಬಂತು. ಪರವಾಗಿ ಬೈಯಲು ಯಾರೂ ಇರಲಿಲ್ಲ, ತಾವೇ ಬೈದರು. ನಾನು ತಲೆತಗ್ಗಿಸಿ ಕೇಳಿದೆ, ಆದರೆ ಬರೆಯಲಿಲ್ಲ. ಸುಳ್ಳು ಬರೆಯಲಿಕ್ಕೆ ಅಷ್ಟು ಕಷ್ಟಪಟ್ಟು ಕಲಿಯಬೇಕಾಗಿತ್ತೇ?

ಟೆಂಪೋ ಮಾಮಾನ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ನಿಂತಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಕಣ್ಣಿಗೆ ಇಂಜೆಕ್ಷನ್‌ಗಳಾದವು. ಕಣ್ಣಿನೊಳಗೆ ಸೂಜಿ ಅಂದಾಗ ಮಾಮಾ ತಾವೇ ಹೋಗಿ ಮಂಚದ ಮೇಲೆ ಮಲಗಿದರು. ಗುಳಿಗೆ ದಿನಾ ನುಂಗಿದರು. ಹಪ್ಪಳ ಬಿಟ್ಟರು. ಎಲ್ಲರ ಜೊತೆ ಮಾತಾಡಿದರು, ನನ್ನೊಬ್ಬಳನ್ನು ಬಿಟ್ಟು. ಅದೇ ಓಣಿಯಲ್ಲಿರುವ ಅವ್ವ ಫೋನಿನಲ್ಲಿ ಅಳುತ್ತಿದ್ದಳು: "ದಿನಾ ಮುಂಜಾನೆ ಎದ್ದು ನಿಂತ ಗಾಡ್ಯಾಗ ಹೋಗಿ ಕುಂಡ್ರತಾನವಾ. ನೋಡಾಕ ಆಗವಲ್ದು."

ತಿಂಗಳುಗಳು ಕಳೆದವು. ಬಿಪಿ ಹದಕ್ಕೆ ಬಂತು, ಪರದೆಯ ಊತ ಇಳಿಯಿತು. ಮತ್ತೆ ಬಂದು ನನ್ನೆದುರು ಕೂತಾಗ, ನಾನು ಕೇಳುವ ಮೊದಲೇ ತಾವೇ ಅಂದರು: "ಹೊಸಾ ಹಲಗಿ ಹಾಕು." ಮೆಲ್ಲಗೆ, ಒಂದೊಂದೇ ಅಕ್ಷರ ಓದಿದರು. ಸಣ್ಣ ಸಾಲಿಗೆ ಬಂದಾಗ, "ಇದು ಕಾಣವಲ್ದು" ಅಂದರು. ಅದು ಕಾಣದಿದ್ದರೂ ನಡೆಯುತ್ತಿತ್ತು. ಬೇಕಾದಷ್ಟು ದೃಷ್ಟಿ ಮರಳಿತ್ತು. ಡಾಕ್ಟರು ಎರಡೂ ಕಣ್ಣು ಪೂರಾ ನೋಡಿ ಸಹಿ ಹಾಕಿದರು.

ಸರ್ಟಿಫಿಕೇಟನ್ನು ನಾನೇ ಮಾಮಾನ ಕೈಗೆ ಕೊಟ್ಟೆ. ಅವರು ಅದನ್ನು ನೋಡಲಿಲ್ಲ. ನನ್ನ ಮುಖ ನೋಡಿದರು.

"ಡಾಕ್ಟರ್ ಬರದದ್ದು ಆತು. ಈಗ ನೀ ಹೇಳು ಯವ್ವಾ. ನಿಮ್ಮವ್ವನ್ನ ನನ್ನ ಗಾಡ್ಯಾಗ ಕುಂಡ್ರಿಸಿ ಕಳಸ್ತೀಯೇನು? ನೀ ಹೂಂ ಅಂದ್ರ ಅಷ್ಟ ಗಾಡಿ ಹೊರಗ ತಗೀತೇನಿ."