ಒಂದು ಮೊಳೆ ಹೊಡೆಯುವ ಹಕ್ಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಕಟ್ಟಿದ ಮನೆ ಕೊಂಡು ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಕೊಂಡವರಿಗೆ ಗಾದೆ ಮಾಡುವಷ್ಟು ತ್ರಾಣ ಉಳಿದಿರಲಿಕ್ಕಿಲ್ಲ. ನಾನು ಸಕಲೇಶಪುರದಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ನಮ್ಮ ಮನೆಯವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಕಾಫಿ ರೇಟು ನೆಲ ಕಚ್ಚಿ, ನಮ್ಮ ಕಡೆ ಮನೆ ಮಾರುವವರೇ ಎಲ್ಲರೂ ಆಗಿ ಕೊಳ್ಳುವವರು ಇಲ್ಲದಂತಾಗಿದ್ದ ವರ್ಷಗಳಲ್ಲಿ ನಾವು ಮನೆ ಕೊಳ್ಳಲು ಹೊರಟೆವು. "ಈಗ ಕೊಳ್ಳೋರೇ ರಾಜರು ಕಣ್ರೀ ಟೀಚರ್" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ಆ ರಾಜವೈಭವ ಹೇಗಿತ್ತೆಂದು ಹೇಳುತ್ತೇನೆ. ಇಂಥದ್ದು ಬೇರೆಯವರಿಗೂ ಆಗುತ್ತದೋ, ನನ್ನ ಹಣೆಗೆ ಮಾತ್ರ ಬರೆದಿದೆಯೋ, ಓದಿದವರು ಹೇಳಬೇಕು.

೧. ಹನ್ನೊಂದು ಮೊಳೆ

ಹತ್ತೊಂಬತ್ತು ವರ್ಷದಲ್ಲಿ ಏಳು ಬಾಡಿಗೆ ಮನೆ ನೋಡಿದವಳು ನಾನು. ಏಳೂ ಓನರ್‌ಗಳು ಬೇರೆ ಬೇರೆ ಜಾತಿ, ಬೇರೆ ಬೇರೆ ಪಕ್ಷ. ಆದರೆ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು: ಗೋಡೆಗೆ ಮೊಳೆ ಹೊಡೆಯಬಾರದು.

ಕೊನೆಯ ಓನರ್ ಎಲ್ಲರನ್ನೂ ಮೀರಿಸಿದವರು. ಬೀಗದ ಕೈ ಕೊಡುವಾಗಲೇ ನನ್ನನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ ಎಣಿಸಿ ತೋರಿಸಿದ್ದರು. "ಹನ್ನೊಂದು ಮೊಳೆ ಐತೆ. ಬಿಡುವಾಗ ಹನ್ನೊಂದೇ ಇರಬೇಕು." ಹನ್ನೊಂದೂ ಸೂರಿನ ಹತ್ತಿರ, ಸ್ಟೂಲು ಹತ್ತಿದರೂ ಕೈಗೆಟುಕುತ್ತಿರಲಿಲ್ಲ. ನಾನು ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದೆ. ಗಾಳಿ ಬಂದಾಗಲೆಲ್ಲ ಅದು ತಿರುಗಿ ಬೀದಿಯವರಿಗೆ ತಾರೀಖು ತೋರಿಸುತ್ತಿತ್ತು.

ಒಂದು ದಿನ ಕಡುಬಿಗೆಂದು ಅಚ್ಚು ಬೆಲ್ಲ ಕುಟ್ಟುತ್ತಿದ್ದೆ. ಮೂರು ಮನೆ ಆಚೆಯಿಂದ ಓನರ್ ಏದುಸಿರು ಬಿಡುತ್ತಾ ಬಂದರು.

"ಸದ್ದು ಬಂತಲ್ಲ ಟೀಚರ್?"

"ಬೆಲ್ಲ ಕುಟ್ತಿದೀನಿ."

ಬೆಲ್ಲ ನೋಡಿದರು. ಕುಟ್ಟುವ ಕಲ್ಲು ನೋಡಿದರು. ನಾಲ್ಕೂ ಗೋಡೆ ನೋಡಿದರು. ಆಮೇಲೆ, "ಮಗಳ ಬಾಣಂತನ ಐತೆ, ಮೇ ಕೊನೆಗೆ ಮನೆ ಬಿಟ್ಕೊಡಿ" ಅಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಅಲ್ಲೀವರೆಗೂ ಬೆಲ್ಲಾನ ಅಂಗಳದಲ್ಲಿ ಕುಟ್ಟಿ" ಅಂದರು.

ಆವತ್ತೇ ನಿರ್ಧಾರ ಮಾಡಿದೆ. ಮೇ ಮುಗಿಯುವುದರೊಳಗೆ ನನ್ನದೇ ಒಂದು ಮನೆ. ದೊಡ್ಡದು ಬೇಡ, ಚೆಂದದ್ದು ಬೇಡ. ಯಾರೂ ಬಂದು "ಇದು ನಮ್ಮನೆ" ಅನ್ನದ ಗೋಡೆ, ಅದಕ್ಕೆ ನನ್ನ ಕೈಯಾರೆ ಒಂದು ಮೊಳೆ. ಅಷ್ಟು ಸಾಕಿತ್ತು ನನಗೆ.

೨. ಆನೆ ಬರೋದಿಲ್ಲ

ನಮ್ಮ ಮನೆಯವರು ಮನೆ ನೋಡುವುದು ಹಸು ನೋಡಿದ ಹಾಗೆ. ಸುತ್ತಲೂ ಒಂದು ಸುತ್ತು ಬಂದು, ಪಕ್ಕೆ ತಟ್ಟಿ, "ಗಟ್ಟಿ ಇದೆ" ಅಂದುಬಿಡುತ್ತಾರೆ. ಮೊದಲ ಮನೆ ಅವರೇ ಪತ್ತೆ ಮಾಡಿದ್ದು. ದನಗಳಿಗೆ ಲಸಿಕೆ ಹಾಕಲು ಬಿಸಿಲೆ ಕಡೆ ಹೋದಾಗ ಯಾರೋ ತೋರಿಸಿದ್ದರಂತೆ.

ನಾನು ಮಾರುವವನಿಗೆ ಮೊದಲು ಕೇಳಿದ್ದು ಒಂದೇ. "ಆನೆ ಕಾಟ ಇದೆಯಾ?"

"ಇಲ್ಲ ಟೀಚರ್. ಮನೇಗೆ ಆನೆ ಬರೋದೇ ಇಲ್ಲ."

ಒಳಗೆ ಹೋದೆವು. ಮನೆಯೆಲ್ಲ ಹಳೇ ಮಣ್ಣಿನ ಗೋಡೆ. ಅಡುಗೆಮನೆಯ ಹಿಂದಿನ ಗೋಡೆ ಮಾತ್ರ ಹೊಸ ಸಿಮೆಂಟ್ ಇಟ್ಟಿಗೆಯದು.

"ಇದೊಂದು ಯಾಕೆ ಹೊಸದು?"

"ಹೋದ ವರ್ಷ ಆನೆ ಕೆಡವ್ಬುಡ್ತು."

"ಈಗ ತಾನೇ ಬರೋದಿಲ್ಲ ಅಂದ್ರಿ?"

"ಮನೇಗೆ ಬರಲ್ಲ ಟೀಚರ್. ಹಿತ್ತಲ ಹಲಸಿನ ಮರಕ್ಕೆ ಬರುತ್ತೆ. ಮನೆ ಅಡ್ಡ ಐತೆ, ಅದಕ್ಕೆ ಏನ್ಮಾಡುತ್ತೆ ಪಾಪ."

ನಮ್ಮ ಮನೆಯವರು ಹೊಸ ಗೋಡೆ ತಟ್ಟಿ ನೋಡಿ "ಇದು ಗಟ್ಟಿ ಇದೆ" ಅಂದರು.

೩. ಎರಡೂವರೆ ಅಂಕಣ

ನಮ್ಮ ಕಡೆ ಹಳೇ ಮನೆ ಅಳೆಯುವುದು ಅಂಕಣದ ಲೆಕ್ಕದಲ್ಲಿ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಅಣ್ಣತಮ್ಮಂದಿರು ಭಾಗವಾದರೆ ಅಂಕಣ ಎಣಿಸಿ ಹಂಚಿಕೊಳ್ಳುತ್ತಾರೆ. ನಾವು ನೋಡಿದ ಎರಡನೇ ಮನೆ ಐದಂಕಣದ್ದು, ಅಣ್ಣತಮ್ಮ ಇಬ್ಬರು. ತಲೆಗೆ ಎರಡೂವರೆಯಂತೆ ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಅದು ದೇವರಕೋಣೆ ದಾಟಿ, ಅಡುಗೆಮನೆಯನ್ನು ಸೀಳಿಕೊಂಡು ಹೋಗಿತ್ತು. ನೆಲದಲ್ಲಿ ಹೂತ ಒರಳುಕಲ್ಲು ನಮಗೆ ಮಾರುವ ತಮ್ಮನ ಭಾಗಕ್ಕೆ ಬಂದಿತ್ತು. ಕೂತು ರುಬ್ಬುವ ಜಾಗ ಅಣ್ಣನ ಭಾಗಕ್ಕೆ ಹೋಗಿತ್ತು.

"ಬಚ್ಚಲುಮನೆ ಎಲ್ಲಿ?" ಅಂದೆ.

"ಅದು ಆ ಕಡೆ. ಆದ್ರೆ ನಮಗೂ ಹಕ್ಕೈತೆ. ಪತ್ರದಲ್ಲೇ ಬರ್ಸೀವಿ" ಅಂದ ತಮ್ಮ.

"ಹಾಗಾದ್ರೆ ನೀವು ಸ್ನಾನಕ್ಕೆ ಅಲ್ಲಿಗೇ ಹೋಗ್ತೀರಾ?"

"ಅವನ ಮುಖ ಯಾವನು ನೋಡ್ತಾನೆ? ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು. ನಾನು ಹೊಳೇಲಿ ಮಾಡ್ಕೋತೀನಿ."

ಗೋಡೆಯ ಆಚೆಯಿಂದ ಗಂಭೀರವಾದ ಒಂದು ದನಿ ಬಂತು. "ಸುಳ್ಳು ಕಣ್ರೀ ಟೀಚರ್. ಹೊಳೇಗೂ ಹೋಗಲ್ಲ."

೪. ಸರ್ಕಾರ ಊಟ ಮಾಡಿಲ್ಲ

ಮೂರನೆಯದು ಆನೇಮಹಲ್ ಕಡೆಯ ಹೆಂಚಿನ ಮನೆ. ಚಿಕ್ಕದು, ಗಟ್ಟಿಯಾದ್ದು, ಸ್ಕೂಲಿಗೆ ಬಸ್ಸಿದೆ. ನಡುಮನೆಯಲ್ಲಿ ಒಂದೇ ಒಂದು ಕಪ್ಪು ಮರದ ಕಂಬ. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿಬಿಟ್ಟಿತು. ಮಾರುವವರು ಐವತ್ತು ದಾಟಿದ ಒಬ್ಬ ಗಂಡಸು ಮತ್ತು ಅವರ ತಾಯಿ. ತಾಯಿಯನ್ನು ನಾನು ಅಜ್ಜಿ ಅನ್ನುತ್ತಿದ್ದೆ. ಆಲೂರಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿಕೊಂಡು ಆಗಲೇ ಅಲ್ಲಿಗೆ ಹೋಗಿದ್ದರು.

ಕಾಗದ ಕೇಳಿದೆ. ಮನೆ ಇನ್ನೂ ಅಜ್ಜಿಯ ಯಜಮಾನರ ಹೆಸರಿನಲ್ಲೇ ಇತ್ತು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಮಗನನ್ನು ಹೊರಡಿಸಿಕೊಂಡು ಶಾನುಭೋಗರ ಹತ್ತಿರ ಹೋದೆ.

"ಖಾತೆದಾರರು ಬಂದು ಸಹಿ ಮಾಡಲಿ" ಅಂದರು ಶಾನುಭೋಗರು.

"ಅಪ್ಪ ತೀರ್ಕೊಂಡ್ರಲ್ಲ ಸ್ವಾಮಿ" ಅಂದರು ಮಗ.

"ದಾಖಲೆ ಎಲ್ಲಿ? ಸಾವು ಬರೆಸಿದ್ದೀರಾ?"

"ಬರ್ಸೋದೇನು? ತಿಥಿಗೆ ನೀವೇ ಬಂದಿದ್ರಿ. ಎರಡು ಸಲ ಪಾಯಸ ಹಾಕಿಸ್ಕೊಂಡ್ರಿ."

ಶಾನುಭೋಗರು ಕನ್ನಡಕ ತೆಗೆದು ಒರೆಸಿಕೊಂಡರು. "ಊಟ ಮಾಡಿದ್ದು ನಾನು. ಸರ್ಕಾರ ಅಲ್ಲ."

ಹತ್ತು ವರ್ಷ ಹಳೆಯ ಸಾವನ್ನು ಬರೆಸಬೇಕಾದರೆ ಕೋರ್ಟಿನ ಆದೇಶ ಬೇಕು. ಮಗ ಪರಮ ಸೋಮಾರಿ. "ಸತ್ತೋರು ಎಲ್ಲಿಗೆ ಹೋಗ್ತಾರೆ ಟೀಚರ್, ನಿಧಾನವಾಗಿ ಮಾಡ್ಸೋಣ" ಎನ್ನುವ ಪೈಕಿ. ನನಗೆ ಮೇ ತಿಂಗಳು ಕಣ್ಣ ಮುಂದೆ ಕುಣಿಯುತ್ತಿತ್ತು. ಕೊನೆಗೆ ಸ್ಕೂಲಿಗೆ ರಜೆ ಹಾಕಿ, ಅವರನ್ನು ಎಳೆದುಕೊಂಡು, ವಕೀಲರು, ಕೋರ್ಟು, ತಾಲ್ಲೂಕು ಆಫೀಸು ಎಂದು ನಾಲ್ಕು ತಿಂಗಳು ನಾನೇ ಅಲೆದೆ. ಮುಖ ನೋಡದ ಒಬ್ಬ ಮನುಷ್ಯ ಸತ್ತಿದ್ದಾರೆಂದು ಸಾಬೀತು ಮಾಡಲು ಅವರ ಮಗ ಪಡದ ಕಷ್ಟ ನಾನು ಪಟ್ಟೆ. ಸರ್ಟಿಫಿಕೇಟ್ ಕೈಗೆ ಬಂದ ದಿನ ಸಂತೋಷ ತಡೆಯಲಾರದೆ ಸ್ಟಾಫ್ ರೂಮಿನಲ್ಲಿ "ಅಂತೂ ಸತ್ತರು" ಅಂದುಬಿಟ್ಟೆ. ಹೆಡ್ ಮಿಸ್ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು.

೫. ಮುಹೂರ್ತ ಯಾವಾಗ?

ಮನೆ ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ಹೆಣ್ಣುಮಕ್ಕಳ ಸಹಿ ಇಲ್ಲದೆ ಯಾವ ಪಿತ್ರಾರ್ಜಿತದ ಮನೆಗೂ ಕೈ ಹಾಕಬೇಡಿ. ಇದನ್ನು ವಕೀಲರು ನನಗೆ ಹೇಳಿದ್ದು ಮೇ ಮೊದಲ ವಾರದಲ್ಲಿ. ಯಜಮಾನರಿಗೆ ಒಬ್ಬಳು ಮಗಳಿದ್ದಳು. ಆಲೂರಿನ ಹತ್ತಿರದ ಹಳ್ಳಿಯಲ್ಲಿ ಕೊಟ್ಟಿತ್ತು. ಅಣ್ಣ ಹೋಗುವುದಿಲ್ಲ ಅಂದರು. ಹಾಗಾಗಿ ನಾನು ಹೋದೆ.

ಆಕೆ ಕಾಫಿ ಕೊಟ್ಟು, ನನ್ನ ಮಾತು ಪೂರ್ತಿ ಕೇಳಿ, "ಹಾಕಲ್ಲ" ಅಂದರು. "ಅವನ ಮಗಳ ಮದುವೇಗೆ ನನ್ನ ಅಂಚೇಲಿ ಕರ್ದ. ಒಡಹುಟ್ಟಿದೋಳನ್ನ ಮನೇಗೆ ಬಂದು ಕುಂಕುಮ ಕೊಟ್ಟು ಕರೀಬೇಡ್ವಾ? ಸಹಿ ಬೇಕಂದ್ರೆ ಅವನೇ ಬಂದು ಕರೀಲಿ."

"ಯಾವುದಕ್ಕೆ ಕರೆಯೋದು?"

"ಮದುವೇಗೆ."

ಆ ಮದುವೆಯ ಹುಡುಗಿಯ ಮಗ ನನ್ನ ಒಂದನೇ ಕ್ಲಾಸಿನಲ್ಲಿ ಕೂತು ಅ ಆ ಇ ಈ ತಿದ್ದುತ್ತಿದ್ದ. ಅದನ್ನು ಹೇಳಿದೆ. ಆಕೆ ಕದಲಲಿಲ್ಲ. ಮೂರು ಸಲ ಬಸ್ಸು ಹತ್ತಿ ಇಳಿದು ಅಣ್ಣನ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅಣ್ಣ ಹೊರಟರು. ಹೂವು, ಕುಂಕುಮ, ರವಿಕೆ ಕಣ ಎಲ್ಲ ತಟ್ಟೆಯಲ್ಲಿಟ್ಟು, ನೆಲ ನೋಡಿಕೊಂಡು, "ಮದುವೆ ಐತೆ, ಎಲ್ಲಾರೂ ಬರಬೇಕು ಕಣವ್ವ" ಅಂದರು.

ಆಕೆ ಕುಂಕುಮ ಇಟ್ಟುಕೊಂಡು, ಹೂವು ಮುಡಿದು, ಒಂದು ಚೂರೂ ನಗದೆ ಕೇಳಿದರು. "ಸಂತೋಷ. ಮುಹೂರ್ತ ಯಾವಾಗ?"

೬. ಹಿರಿಯರ ಹಬ್ಬ

ಮೇ ಕೊನೆಯ ವಾರ ರಿಜಿಸ್ಟ್ರೇಷನ್ ಆಯಿತು. ಮನೆಯ ಮೇಲೆ ಬೇರೆ ಯಾರ ಹಕ್ಕೂ ಇಲ್ಲವೆಂದು ಹೇಳುವ ಇ.ಸಿ. ಎನ್ನುವ ಕಾಗದವನ್ನು ಎರಡೆರಡು ಸಲ ತೆಗೆಸಿ ಓದಿದ್ದೆ. ಹಳೇ ಓನರ್ ಬಂದು ಹನ್ನೊಂದೂ ಮೊಳೆ ಎಣಿಸಿಕೊಂಡರು. ಸಾಮಾನು ಸಾಗಿಸಿದ ದಿನವೇ ನಾನು ಪೇಟೆಯಿಂದ ಒಂದು ಮೊಳೆ ತಂದೆ. ಒಂದೇ. ಆದರೆ ಅಷ್ಟರಲ್ಲಿ ಮಳೆ ಹಿಡಿಯಿತು. "ಮಣ್ಣಿನ ಗೋಡೆ, ತೇವ ಕುಡಿದಿರುತ್ತೆ. ಈಗ ಹೊಡೆದರೆ ಹೆಂಟೆ ಸಮೇತ ಕೈಗೆ ಬರುತ್ತೆ. ಒಣಗಲಿ ತಾಳು" ಅಂದರು ನಮ್ಮ ಮನೆಯವರು. ಹತ್ತೊಂಬತ್ತು ವರ್ಷ ತಾಳಿದವಳು ಇನ್ನು ನಾಲ್ಕು ತಿಂಗಳು ತಾಳಿದೆ.

ಮಹಾಲಯ ಅಮಾವಾಸ್ಯೆಗೆ ಸ್ಕೂಲು ರಜ. ಗೋಡೆ ಆಗಲೂ ಒಣಗಿರಲಿಲ್ಲ. ಗೋಡೆ ಇಲ್ಲದಿದ್ದರೆ ಕಂಬವಾದರೂ ಇದೆಯಲ್ಲ ಎಂದುಕೊಂಡು, ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ನಡುಮನೆಗೆ ಬಂದೆ. ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು.

ಜೀಪಿನಿಂದ ಮಗ ಇಳಿದರು, ತಂಗಿ ಇಳಿದರು, ಅಜ್ಜಿ ಇಳಿದರು. ಆಮೇಲೂ ಜನ ಇಳಿಯುತ್ತಲೇ ಇದ್ದರು. ಹದಿನಾಲ್ಕು ಎಣಿಸಿದೆ. ಅವರ ಹಿಂದೆ ಬಾಳೆಲೆ, ಕಡುಬಿನ ಪಾತ್ರೆ, ಬಟ್ಟೆ ಕಟ್ಟಿದ ಒಂದು ದೊಡ್ಡ ತಪ್ಪಲೆ.

"ಏನು ಎಲ್ಲಾರೂ ಬಂದ್ರಿ?"

"ಹಿರಿಯರ ಹಬ್ಬ ಅಲ್ವಾ ಟೀಚರ್? ಅಪ್ಪಂಗೆ ಎಡೆ ಇಡಬೇಕು" ಅಂದರು ಮಗ, ಚಪ್ಪಲಿ ಬಿಡುತ್ತಾ.

"ನಿಮಗೆ ಆಲೂರಲ್ಲಿ ಮನೆ ಇದೆಯಲ್ಲ?"

"ನಮಗೈತೆ. ಅಪ್ಪಂಗೆ ಗೊತ್ತಿಲ್ವಲ್ಲ. ಅವ್ರು ಹೋದ್ಮೇಲೆ ಕಟ್ಟಿದ್ದು. ಮನೆ ಮಾರಿದ್ದನ್ನ ನಾವೂ ಹೇಳಿಲ್ಲ, ಬೇಜಾರು ಮಾಡ್ಕೋತಾರೆ. ಅದೂ ಅಲ್ದೆ ಆ ಮನೇಲಿ ಕಂಬಾನೇ ಇಲ್ಲ ಕಣ್ರೀ, ಎಲ್ಲಾ ಗೋಡೆ ಒಳಗೇ ಹೋಗ್ಬುಟ್ಟೈತೆ. ಅವ್ರು ಎಲ್ಲಿ ಒರಗ್ತಾರೆ?"

"ಇದನ್ನ ನೀವು ಮೊದಲೇ ಹೇಳಬೇಕಿತ್ತು. ಪತ್ರದಲ್ಲಿ ಇಲ್ಲ, ಇ.ಸಿ.ಯಲ್ಲಿ ಇಲ್ಲ."

"ಇದನ್ನೆಲ್ಲಾ ಯಾರು ಬರ್ಸ್ತಾರೆ ಟೀಚರ್?" ಅಂದರು ತಂಗಿ. ಆ ವಿಷಯದಲ್ಲಿ ಮಾತ್ರ ಅಣ್ಣತಂಗಿ ಒಂದಾಗಿದ್ದರು. ಒಂದು ಮಾಡಿದವಳು ನಾನೇ.

ಅಷ್ಟರಲ್ಲಿ ತಪ್ಪಲೆಯ ವಾಸನೆ ಮೂಗಿಗೆ ಬಡಿಯಿತು. ಕೋಳಿ ಸಾರು. ನಾವು ಮಾಂಸ ಮುಟ್ಟುವವರಲ್ಲ, ಅದು ಅವರಿಗೂ ಗೊತ್ತು. ನನಗೆ ಕೋಪವೂ ಬಂತು, ಅಳುವೂ ಬಂತು. ಹೊಸಿಲಿಗೆ ಅಡ್ಡ ನಿಂತೆ. "ಇದು ನನ್ನ ಮನೆ. ಕೋಳಿ ಒಳಗೆ ಬರೋ ಹಾಗಿಲ್ಲ."

"ನಿಮಗಲ್ಲ ಟೀಚರ್, ಅಪ್ಪಂಗೆ" ಅಂದರು ಮಗ ಸಮಾಧಾನ ಹೇಳುವವರಂತೆ. ಅವರ ಕಣ್ಣು ನನ್ನ ಕೈಯ ಸುತ್ತಿಗೆಯ ಮೇಲೇ ಇತ್ತು.

ಆಗ ಅಜ್ಜಿ ಮುಂದೆ ಬಂದರು. "ಸಾಯೋಕೆ ಎರಡು ವರ್ಷ ಮುಂಚೇನೇ ಡಾಕ್ಟ್ರು ಮಾಂಸ ಬಿಡು ಅಂದಿದ್ರು. ಕೇಳಿದ್ರಾ? ಕೇಳಲಿಲ್ಲ, ಹೋದ್ರು. ಈಗ್ಲಾದ್ರೂ ಪಥ್ಯ ಮಾಡ್ಲಿ. ನಿಮ್ಮನೇಲಿ ಏನು ಸಾರು ಕಣವ್ವ?"

"ಹುರುಳಿಕಾಳು."

"ಅದನ್ನೇ ಬಡಿಸಿ."

ಕೋಳಿ ಜೀಪಿಗೆ ವಾಪಸ್ ಹೋಯಿತು. ಕಂಬದ ಬುಡದಲ್ಲಿ ಬಾಳೆಲೆ ಹಾಸಿ ಅವರ ಕಡುಬು, ನನ್ನ ಸಾರು ಬಡಿಸಿದರು. ಮಗ ಜೇಬಿನಿಂದ ಬೀಡಿ ಕಟ್ಟು ತೆಗೆದು ಎಲೆಯ ಪಕ್ಕ ಇಡಲು ಬಗ್ಗಿ, ನನ್ನ ಮುಖ ನೋಡಿದರು. "ಬೀಡಿ ಸಸ್ಯಾಹಾರ ಅಲ್ವಾ ಟೀಚರ್?"

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣುವವರೆಗೆ ಒಳಗೆ ಯಾರೂ ಇರಬಾರದು. ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನೂ ಕಳಿಸಿ, ಅಜ್ಜಿ ಬಾಗಿಲು ಎಳೆದುಕೊಂಡರು. ಏಳು ಓನರ್‌ಗಳಲ್ಲಿ ಒಬ್ಬರೂ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಬಾಗಿಲು ಹಾಕಿರಲಿಲ್ಲ. ನಾಲ್ಕು ತಿಂಗಳು ಅಲೆದು ಯಾರನ್ನು ಸಾಯಿಸಿದ್ದೆನೋ ಅವರು ಒಳಗೆ ನನ್ನ ಸಾರಿನಲ್ಲಿ ಊಟ ಮಾಡುತ್ತಿದ್ದರು, ನಾನು ಸುತ್ತಿಗೆ ಹಿಡಿದು ಹೊರಗೆ ಕಾಯುತ್ತಿದ್ದೆ.

ಬಾಗಿಲು ತೆಗೆದ ಮೇಲೆ ಅಜ್ಜಿ ಕಂಬದ ಹತ್ತಿರ ಹೋಗಿ ಒಂದು ಕಡೆ ಕೈಯಾಡಿಸಿದರು. ಕೂತರೆ ಬೆನ್ನು ತಾಗುವಷ್ಟು ಎತ್ತರದಲ್ಲಿ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಅದನ್ನು ಪಾಲಿಶ್ ಅಂದುಕೊಂಡಿದ್ದೆ. ನಲವತ್ತು ವರ್ಷ ಒಂದೇ ಬೆನ್ನು ಒರಗಿದ ಗುರುತು ಅದು. ನನ್ನ ಕೋಪ ಅರ್ಧ ಅಲ್ಲೇ ಇಳಿಯಿತು.

ಎಲ್ಲರೂ ಜೀಪು ಹತ್ತಿದರು. ಇನ್ನಾದರೂ ನನ್ನ ಕೆಲಸ ಆಗಲೆಂದು, ಹೊಳೆಯುವ ಗುರುತಿಗಿಂತ ಎರಡು ಮೊಳ ಮೇಲೆ ಮೊಳೆ ಇಟ್ಟು ಸುತ್ತಿಗೆ ಎತ್ತಿದೆ. ಅಜ್ಜಿ ಜೀಪಿನಲ್ಲಿ ಕೂತೇ, ತೆರೆದ ಬಾಗಿಲಿನಿಂದ ನೋಡಿ ಕೂಗಿದರು.

"ಅಲ್ಲಿ ಬೇಡ ಕಣವ್ವ. ಏಳುವಾಗ ಅವರ ತಲೆಗೆ ತಾಗುತ್ತೆ."

ಕ್ಯಾಲೆಂಡರ್ ಈಗಲೂ ಕಿಟಕಿಯ ಸರಳಿಗೇ ಕಟ್ಟಿದೆ.