ತಿರುಗುವ ಬಿಲ್ಲೆ ಮತ್ತು ನನ್ನ ನಿದ್ದೆ

ಮೈಮುರಿದು ದುಡಿಯುವವನಿಗೆ ನಿದ್ದೆಯ ಚಿಂತೆ ಇರುವುದಿಲ್ಲ ಎಂದು ಹತ್ತು ಜನರ ಮುಂದೆ ಎದೆಯುಬ್ಬಿಸಿ ಹೇಳಿದವನು ನಾನು. ನಿದ್ದೆ ಬರುವುದಿಲ್ಲ ಎಂದು ಯಾರಾದರೂ ಗೋಳಾಡಿದರೆ, ಇವನಿಗೆ ಮಾಡಲು ಕೆಲಸ ಸಾಲದು ಎಂದುಕೊಳ್ಳುತ್ತಿದ್ದೆ. ಆ ಮಾತನ್ನೆಲ್ಲ ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಯುಗಾದಿಯಿಂದೀಚೆಗೆ ನನಗೆ ನಿದ್ದೆಯಿಲ್ಲ. ಕೆಲಸವೇನೂ ಕಡಿಮೆಯಾಗಿರಲಿಲ್ಲ. ಮೈ ಮಲಗುತ್ತದೆ, ತಲೆಯೊಂದು ಮಾತ್ರ ಮನೆ ಕಾಯುವವನ ಹಾಗೆ ಎದ್ದು ಕೂತಿರುತ್ತದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚನ್ನಪಟ್ಟಣದ ಲೇತ್ ಮಿಷನ್ ಮುಂದೆ ಕೂತವನು ನಾನು. ಮೂವತ್ತೈದು ವರ್ಷದಿಂದ ಮರದ ಬೊಂಬೆ, ಬುಗುರಿ, ಕೂಸುಗಳ ಗಿಲಕಿ ಕಡೆಯುತ್ತಿದ್ದೇನೆ. ಮದುವೆಯ ಮಾರನೇ ದಿನವೂ ಕೆಲಸ ಬಿಟ್ಟವನಲ್ಲ. ಅಂಥವನು ಒಂದು ಮಧ್ಯಾಹ್ನ ತೂಕಡಿಸಿದೆ. ಉಳಿ ಜಾರಿ, ಎಡಗೈ ಹೆಬ್ಬೆರಳಿನ ಉಗುರು ಹಾರಿಹೋಯಿತು. ಹೆಂಡತಿ ಜಯಮ್ಮ ಗಾಯಕ್ಕೆ ಬಟ್ಟೆ ಕಟ್ಟಿದಳು. ಆಮೇಲೆ ಮಿಷನ್ನಿನ ಫ್ಯೂಸ್ ಕಿತ್ತು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

"ಇವತ್ತು ಉಗುರು, ನಾಳೆ ಬೆರಳು. ಎಂಟು ದಿನ ನೆಟ್ಟಗೆ ನಿದ್ದೆ ಮಾಡಿ ತೋರ್ಸಿ, ಫ್ಯೂಸ್ ಕೊಡ್ತೀನಿ. ಇಲ್ಲ ಅಂದ್ರೆ ಮಿಷನ್ ಮಾರ್ಬುಡ್ತೀನಿ."

ಅವಳು ಜೋರಾಗಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು.

ಬಿ.ಪಿ. ನೋಡುವ ಡಾಕ್ಟರು, ಮಿಷನ್ ಮುಂದೆ ಕೂರುವವನಿಗೆ ನಿದ್ದೆ ಮಾತ್ರೆ ಬೇಡ ಎಂದು, ರಾಮನಗರದಲ್ಲಿ ಸಂಮೋಹನ ಚಿಕಿತ್ಸೆ ಕೊಡುವ ಮೇಡಂ ಒಬ್ಬರ ಹತ್ತಿರ ಕಳಿಸಿದರು. ಸಂಮೋಹನವೆಂದರೆ ನನಗೆ ಗೊತ್ತಿದ್ದದ್ದು ನಮ್ಮ ಶಾಲೆಗೆ ಬಂದಿದ್ದ ಜಾದೂಗಾರನೊಬ್ಬನೇ. ಅವನು ನಮ್ಮ ಲೆಕ್ಕದ ಮೇಷ್ಟರಿಗೆ ಹಸಿಮೆಣಸಿನಕಾಯಿಯನ್ನು ಬಾಳೆಹಣ್ಣೆಂದು ತಿನ್ನಿಸಿದ್ದ. ಮೇಷ್ಟರು ಎರಡು ದಿನ ಶಾಲೆಗೆ ಬರಲಿಲ್ಲ. ನನ್ನ ವಿದ್ಯಾಭ್ಯಾಸದಲ್ಲಿ ನೆನಪಿರುವ ಸುಖದ ದಿನಗಳು ಅವೇ.

"ಇದು ಜಾದೂ ಅಲ್ಲ ಯಜಮಾನ್ರೇ" ಎಂದರು ಮೇಡಂ. "ನಿಮ್ಮನ್ನ ಯಾರೂ ಬಲವಂತವಾಗಿ ಮಲಗಿಸೋಕೆ ಆಗಲ್ಲ. ನೀವು ಕಾವಲು ಬಿಟ್ರೆ ನಿದ್ದೆ ತಾನಾಗೇ ಬರುತ್ತೆ. ನಾನು ದಾರಿ ತೋರಿಸ್ತೀನಿ ಅಷ್ಟೆ." ಹಾಗೆಂದು ಮೇಜಿನ ಮೇಲೆ ಬಣ್ಣದ ಸುತ್ತುಗಳಿದ್ದ ಮರದ ಬಿಲ್ಲೆಯೊಂದನ್ನು ತಿರುಗಿಸಿದರು. ನೋಡುತ್ತಾ ಇರಿ, ರೆಪ್ಪೆ ಭಾರವಾಗುತ್ತಿದೆ, ಭುಜ ಸಡಿಲವಾಗುತ್ತಿದೆ ಎಂದು ಜೋಗುಳದಂಥ ದನಿಯಲ್ಲಿ ಹೇಳುತ್ತಾ ಹೋದರು. ನಾನು ರೆಪ್ಪೆ ಬಡಿಯದೆ ನೋಡಿದೆ.

"ಈಗ ಏನನ್ನಿಸ್ತಾ ಇದೆ?"

"ಸೆಂಟರ್ ಔಟಾಗೈತೆ ಮೇಡಂ. ಕೂದಲೆಳೆಯಷ್ಟು ಎಡಕ್ಕೆ ಓಲಾಡ್ತೈತೆ."

"ಇದು ನಿಮ್ಮೂರಿಂದಾನೇ ತಂದಿದ್ದು."

"ಹೈವೇ ಪಕ್ಕದ ಅಂಗಡೀದಿರಬೇಕು. ಕೊಡಿ, ಸರಿ ಮಾಡ್ಕೊಂಡು ಬತ್ತೀನಿ."

ಪಕ್ಕದಲ್ಲಿ ಕೂತಿದ್ದ ಜಯಮ್ಮ ಹಣೆ ಒತ್ತಿಕೊಂಡಳು. "ಉಂಬಕ್ಕೆ ಕೂತ್ರೆ ಮುದ್ದೇನೂ ತಿರುಗ್ಸಿ ನೋಡ್ತಾರೆ ಮೇಡಂ, ಗುಂಡಗೈತಾ ಅಂತ."

ನನ್ನ ತಪ್ಪೇನೂ ಇಲ್ಲ. ತಿರುಗುವುದನ್ನು ನೋಡಿ ಮಿಕ್ಕವರಿಗೆ ಮಂಪರು ಬರಬಹುದು. ನಾನು ಮೂವತ್ತೈದು ವರ್ಷ, ತಿರುಗುವುದು ಕಂಡ ಕೂಡಲೇ ಕಣ್ಣು ಇನ್ನಷ್ಟು ಅಗಲ ಮಾಡಿ, ಹಾಗಾಗಿಯೇ ಹತ್ತು ಬೆರಳು ಉಳಿಸಿಕೊಂಡವನು. ಎರಡನೇ ಸಲ ಹೋದಾಗ ಮೇಡಂ ಕಣ್ಣು ಮುಚ್ಚಿಸಿ, ಮನಸ್ಸಿನಲ್ಲೇ ಹತ್ತು ಮೆಟ್ಟಿಲು ಇಳಿಯಿರಿ ಎಂದರು. ಮೂರನೇ ಮೆಟ್ಟಿಲಿನವರೆಗೆ ಚೆನ್ನಾಗಿಯೇ ಇಳಿದೆ. ಅಲ್ಲಿ ಮೆಟ್ಟಿಲ ಪಕ್ಕದ ಮರದ ಕಂಬದ ಕಡೆತ ಯಾಕೋ ಒರಟಾಗಿದೆ ಅನ್ನಿಸಿತು. ನಿಂತು ಸವರತೊಡಗಿದೆ. ಮೇಡಂ ಹತ್ತನೆಯದರಲ್ಲಿ ಕಾಯುತ್ತಲೇ ಇದ್ದರು.

ಕೊನೆಗೆ ಅವರು ಕೇಳಿದರು: "ನೀವಿಲ್ಲದೆ ಆ ಮಿಷನ್ ನಡೆದಿದ್ದು ಯಾವತ್ತಾದ್ರೂ ನೋಡಿದೀರಾ?"

"ಒಂದು ದಿನಾನೂ ಇಲ್ಲ" ಎಂದೆ. ಅವರು ಅದನ್ನು ಬರೆದುಕೊಂಡರು. ಹೊಗಳಿಕೆಯೇ ಇರಬೇಕೆಂದು ನಾನು ನೆಟ್ಟಗೆ ಕೂತೆ. ಅವರು ಜಯಮ್ಮನ ಕಡೆ ತಿರುಗಿ, "ನಿಮಗೆ ಕಡೆಯೋಕೆ ಬರುತ್ತಾ?" ಎಂದರು.

ನಾನು ನಕ್ಕೆ. ಅವಳದು ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ಕೊಡುವ ಕೆಲಸ. ಉಳಿ ಹಿಡಿಯುವುದು ನಾನು.

"ಇಪ್ಪತ್ತು ವರ್ಷದಿಂದ ಪಕ್ಕದಲ್ಲೇ ಕೂತಿವ್ನಿ ಮೇಡಂ" ಎಂದಳು ಜಯಮ್ಮ. "ಕಣ್ಣಂತೂ ಐತೆ."

ಮದ್ದು ಹೀಗೆ ನಿಶ್ಚಯವಾಯಿತು. ಹೊರಡುವಾಗ ಮೇಡಂ, ಸರಿ ಮಾಡಿ ತನ್ನಿ ಎಂದು ಆ ಬಿಲ್ಲೆಯನ್ನೂ ಕೊಟ್ಟು ಕಳಿಸಿದರು. ದಿನಾ ಮಧ್ಯಾಹ್ನ ಅವಳು ಫ್ಯೂಸ್ ಹಾಕಿ ಕಡೆಯುವುದು. ನಾನು ಪಕ್ಕದ ಮಂಚದಲ್ಲಿ ಕಣ್ಣು ಮುಚ್ಚಿ, ಉಸಿರನ್ನಷ್ಟೇ ಎಣಿಸುತ್ತಾ ಇರುವುದು. ಮೇಡಂ ಹೇಳಿಕೊಟ್ಟ ಮಾತುಗಳನ್ನು ಜಯಮ್ಮ ಉಳಿ ಆಡಿಸುತ್ತಲೇ ಹೇಳುತ್ತಿದ್ದಳು. ಮೇಡಂ ಬಾಯಲ್ಲಿ ಜೋಗುಳವಾಗಿದ್ದದ್ದು ಇವಳ ಬಾಯಲ್ಲಿ, ನಲ್ಲಿಯಿಂದ ನೀರು ತರಲಿಲ್ಲವೆಂದು ಬೈದ ಹಾಗಿತ್ತು: "ಕಾಲು ಭಾರ ಆಗ್ತಾ ಐತೆ. ಕಣ್ಣು ಭಾರ ಆಗ್ತಾ ಐತೆ. ಒಸಿ ಆ ಭುಜ ಬುಡಿ. ನಾನಿಲ್ವಾ ಇಲ್ಲಿ?"

ಮಿಷನ್ನಿನ ಸದ್ದಿನಲ್ಲಿ ತಪ್ಪು ಹುಡುಕುತ್ತಾ ಮಲಗಿದ್ದೆ. ಉಳಿ ಮರಕ್ಕೆ ತಾಗುವ ಸದ್ದು, ಸಿಪ್ಪೆ ಸುರುಳಿಯಾಗಿ ಬೀಳುವ ಸದ್ದು, ಎಲ್ಲವೂ ಎಲ್ಲಿರಬೇಕೋ ಅಲ್ಲಿತ್ತು. ಎಷ್ಟು ಉಸಿರು ಎಣಿಸಿದೆನೋ ಗೊತ್ತಿಲ್ಲ. ಎದ್ದಾಗ ಬಿಸಿಲು ಇಳಿದಿತ್ತು, ಕೆನ್ನೆಗೆ ಮಂಚದ ಹುರಿಯ ಬರೆ ಬಿದ್ದಿತ್ತು.

ಹೀಗೆ ಎಂಟು ದಿನ ಮಲಗಿದೆ. ಮಧ್ಯಾಹ್ನದ ರುಚಿ ಹತ್ತಿ ರಾತ್ರಿಯೂ ನಿದ್ದೆ ಬಂತು. ಒಂಬತ್ತನೇ ದಿನ ಬೆಳಿಗ್ಗೆ ಜಯಮ್ಮ ಸೆರಗಿನ ಗಂಟು ಬಿಚ್ಚಿ ಫ್ಯೂಸನ್ನು ನನ್ನ ಅಂಗೈಗೆ ಹಾಕಿದಳು. ಕೂರುವ ಮುಂಚೆ, ಅವಳು ಕಡೆದಿಟ್ಟಿದ್ದ ಗಿಲಕಿಗಳ ಬುಟ್ಟಿ ಎಳೆದುಕೊಂಡು ಒಂದೊಂದನ್ನೇ ನೆಲದ ಮೇಲೆ ಉರುಳಿಸಿದೆ. ಸೆಂಟರ್ ತಪ್ಪಿದ್ದರೆ ಅದು ಪಕ್ಕಕ್ಕೆ ಹೊರಳುತ್ತದೆ. ಬುಟ್ಟಿ ಖಾಲಿಯಾಯಿತು. ಒಂದೂ ಹೊರಳಲಿಲ್ಲ.

"ಎಂಗವೆ?" ಎಂದಳು.

"ಪರವಾಗಿಲ್ಲ" ಎಂದೆ.

ಆವತ್ತಿನಿಂದ ಮತ್ತೆ ನಿದ್ದೆಯಿಲ್ಲ. ಮೈ ಮಲಗುತ್ತದೆ, ತಲೆ ಎದ್ದು ಕೂತು ಗಿಲಕಿ ಉರುಳಿಸುತ್ತದೆ. ನಾಳೆ ರಾಮನಗರದ ಬಸ್ಸು ಹತ್ತಬೇಕು. ಚೀಲದಲ್ಲಿ ಮೇಡಮ್ಮನವರ ಬಿಲ್ಲೆಯೂ ಇದೆ, ಈಗ ಒಂದಿಷ್ಟೂ ಓಲಾಡುವುದಿಲ್ಲ. ನೋಡಿದ ಕೂಡಲೇ ಅವರು ನನ್ನ ಕೈಗುಣ ಹೊಗಳುತ್ತಾರೆ. ಅದನ್ನು ಸರಿ ಮಾಡಿದಾಗ ನಾನು ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದೆ ಎಂದು, ಪಕ್ಕದಲ್ಲಿ ಜಯಮ್ಮ ಕೂತಿರುವಾಗ, ನಾನೇ ಹೇಳಬೇಕಾಗಿದೆ.